ಅಜ್ಜ ‘ಮೆತ್ತಗ’ ಅಂದದ್ದು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ಅಡಿವೆಪ್ಪಜ್ಜ, ಅವರ ಶಿಷ್ಯ ಗುರುಪಾದ, ಕರಿಯ ಅಂತ ಒಂದು ನಾಯಿ. ಇಷ್ಟೇ ಸಂಸಾರ.

ಅಜ್ಜನಿಗೆ ಎಂಬತ್ತು ದಾಟಿತ್ತು. ಎದೆಯ ತನಕ ಗಡ್ಡ, ಬಾಯಿ ಮುಚ್ಚುವಷ್ಟು ಮೀಸೆ. ಮಾತು ಕಡಿಮೆ. ಕೇಳಿದ್ದಕ್ಕೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ.

ಗುರುಪಾದ ಮೊದಲು ತಾಲ್ಲೂಕು ಕಚೇರಿಯಲ್ಲಿ ಕಾರಕೂನನಾಗಿದ್ದ. ಒಂಬತ್ತು ವರ್ಷದ ಹಿಂದೆ ನೌಕರಿ ಬಿಟ್ಟು ಇಲ್ಲಿಗೆ ಬಂದ. ನೌಕರಿ ಬಿಟ್ಟರೂ ಬರೆಯುವ ಚಟ ಬಿಡಲಿಲ್ಲ. ಅಜ್ಜ ತುಟಿ ಅಲುಗಿಸಿದರೆ ಸಾಕು, ಜೇಬಿನಿಂದ ಪುಸ್ತಕ ಹೊರಗೆ ಬರುತ್ತಿತ್ತು.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜ ‘ಮಳಿ ಬರೂಹಂಗೈತಿ’ ಅಂದರೆ ಅದರ ಒಳಾರ್ಥ ಹುಡುಕುತ್ತ ಕೂತು, ಒಣಗಲು ಹಾಕಿದ ಬಟ್ಟೆಯನ್ನೆಲ್ಲ ತೋಯಿಸಿಕೊಳ್ಳುವ ಪೈಕಿ. ಇಂಥವನ ಕೈಗೆ ಅಜ್ಜನ ಊಟ ಬಂತು.

ಅಜ್ಜನದು ಒಪ್ಪತ್ತಿನ ಊಟ. ಬೆಳಿಗ್ಗೆ ಒಂದು ಲೋಟ ಅಂಬಲಿ, ಆಮೇಲೆ ಸಂಜೆಗೇ ತಾಟು. ಆ ತಾಟಿನಲ್ಲಿ ರೊಟ್ಟಿಯ ಪಕ್ಕ ನಾಲ್ಕು ಕರಿದ ಬೆಂಡೆಕಾಯಿ ಇದ್ದರೆ ಅಜ್ಜನಿಗೆ ಮತ್ತೇನೂ ಬೇಕಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ದಿನ ಎದೆ ಹಿಡಿದುಕೊಂಡಿತು. ಡಾಕ್ಟರು ನೋಡಿ, ಇವತ್ತಿನಿಂದ ಎಣ್ಣೆಯಲ್ಲಿ ಕರಿದದ್ದು ಬಂದ್ ಅಂದರು. ಅಜ್ಜ ಬಂದ್ ಮಾಡಿದರು. ಅದರ ಜೊತೆಗೆ ಊಟವೂ ಅರ್ಧಕ್ಕೆ ಇಳಿಯಿತು.

ಗದಗಿನಲ್ಲಿ ಬ್ಯಾಂಕಿನ ಕೆಲಸ ಮಾಡುವ ಸುವರ್ಣಾ ಅನ್ನುವ ಭಕ್ತೆಗೆ ಈ ಸುದ್ದಿ ಮುಟ್ಟಿತು. ಅವಳು ಒಂದು ಏರ್ ಫ್ರೈಯರ್ ಹೊತ್ತುಕೊಂಡು ಬಂದಳು. ದಿನಾ ಸಂಜೆ ಬ್ಯಾಂಕಿನಿಂದ ಸುಸ್ತಾಗಿ ಬಂದು ಮಕ್ಕಳಿಗೆ ಇದರಲ್ಲೇ ಕಾಯಿಪಲ್ಲೆ ಮಾಡಿ ಹಾಕುತ್ತೇನೆ, ಇಪ್ಪತ್ತು ನಿಮಿಷದ ಕೆಲಸ, ಬಿಸಿ ಗಾಳಿಯೇ ಎಲ್ಲ ಮಾಡುತ್ತದೆ ಅಂತ ಹೇಳಿದಳು. ತೊಳೆದ ಕಾಯಿಯನ್ನು ಚೆನ್ನಾಗಿ ಒರೆಸಬೇಕು, ಒಂದೇ ಚಮಚ ಎಣ್ಣೆ ಸವರಬೇಕು, ಅದರ ಒಳಗಿನ ಬುಟ್ಟಿ ತುಂಬ ತುರುಕಬಾರದು, ನಡುವೆ ಒಮ್ಮೆ ಹೊರಗೆಳೆದು ಅಲುಗಾಡಿಸಬೇಕು. ಗುರುಪಾದ ಎಲ್ಲವನ್ನೂ ಬರೆದುಕೊಂಡ.

ಬರೆದುಕೊಂಡನೇ ಹೊರತು ಮೊದಲನೇ ದಿನ ಮಾಡಿದ್ದು ಬೇರೆ. ಬೆಂಡೆಕಾಯಿ ಒರೆಸಲೇ ಇಲ್ಲ. ಒಂದು ಕಿಲೋ ಪೂರ್ತಿ ಹೆಚ್ಚಿ ಬುಟ್ಟಿಗೆ ತುರುಕಿದ. ಇಪ್ಪತ್ತು ನಿಮಿಷಕ್ಕೆ ತೆಗೆದು ನೋಡಿದರೆ ಎಲ್ಲ ಬೆಂದು, ಲೋಳೆಯಾಗಿ, ಒಂದಕ್ಕೊಂದು ಅಂಟಿಕೊಂಡು ಕೂತಿತ್ತು. ಮುಖ ಸಣ್ಣ ಮಾಡಿಕೊಂಡು ಅದನ್ನೇ ಅಜ್ಜನ ಮುಂದಿಟ್ಟ.

ಅಜ್ಜ ಅದನ್ನು ಒಂದು ಚೂರೂ ಬಿಡದೆ ಉಂಡರು. ಉಂಡು, “ಹಿಂಗ ಇರಲಿ” ಅಂದರು.

ಗುರುಪಾದನ ಕಣ್ಣು ತುಂಬಿತು. ಕೆಟ್ಟದ್ದನ್ನೂ ಪ್ರಸಾದ ಅಂತ ಸ್ವೀಕರಿಸುವ ಮನಸ್ಸು ಎಷ್ಟು ದೊಡ್ಡದು ಅಂತ ಅವತ್ತು ಎರಡು ಪುಟ ಬರೆದ. ನಾಳೆಯಿಂದ ಇಂಥ ಗುರುವಿಗೆ ಇಂಥ ಅಡುಗೆ ಹಾಕಬಾರದು ಅಂತ ಶಪಥ ಮಾಡಿದ.

ಶಪಥ ಮಾಡಿದಂತೆ ನಡೆದೂ ತೋರಿಸಿದ. ಬೆಂಡೆಕಾಯಿಯನ್ನು ಒಂದೊಂದಾಗಿ ಪಂಚೆಯ ತುದಿಯಿಂದ ಒರೆಸಿದ. ಉದ್ದಕ್ಕೆ ತೆಳ್ಳಗೆ ಸೀಳಿದ. ಒಂದರ ಮೇಲೊಂದು ಬೀಳದಂತೆ ಹರವಿದ. ವಾರ ಕಳೆಯುವುದರೊಳಗೆ ಅವನ ಬೆಂಡೆಕಾಯಿ ಮುಟ್ಟಿದರೆ ಮುರಿಯುವಷ್ಟು ಗರಿಗರಿಯಾಯಿತು. ಆಮೇಲೆ ಹಾಗಲಕಾಯಿ, ಆಮೇಲೆ ಹಿಟ್ಟು ಸವರಿದ ಹೂಕೋಸು. ಎಲ್ಲವೂ ಕುರುಂ ಕುರುಂ.

ಗುರು ಊಟ ಮಾಡುವಾಗ ಎದುರಿಗೆ ನಿಂತು ನೋಡಬಾರದು ಅಂತ ಗುರುಪಾದನ ನೇಮ. ತಾಟನ್ನು ನದಿಯ ಮೆಟ್ಟಿಲ ಮೇಲೆ ಇಟ್ಟು, ತಲೆ ತಗ್ಗಿಸಿ, ಅಡುಗೆಮನೆಗೆ ಬಂದು ಬಾಗಿಲ ಹಿಂದೆ ನಿಲ್ಲುತ್ತಿದ್ದ. ಅಲ್ಲಿಂದ ಕಡಿಯುವ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳಿ ಅವನ ಜೀವ ತಂಪಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಹೋಗಿ ನೋಡಿದರೆ ತಾಟು ಖಾಲಿ.

ದಿನಾ ತಾಟು ಎತ್ತಲು ಬಗ್ಗಿದಾಗ ಅಜ್ಜ ಒಂದೇ ಮಾತು ಹೇಳುತ್ತಿದ್ದರು.

“ಮೆತ್ತಗ ಮಾಡೋ ತಮ್ಮಾ. ಮೆತ್ತಗ ಇರಬೇಕು.”

ಆ ದಿನಗಳಲ್ಲಿ ಅಜ್ಜನ ಮಾತಿನ ರೀತಿಯೂ ಬದಲಾಗಿತ್ತು. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ಗಾಳಿ ಸೇರಿಕೊಂಡು ಬರುತ್ತಿದ್ದವು. ಅಜ್ಜಾರು ಮಾತಿನ ಆಚೆಗೆ ಹೊರಟಿದ್ದಾರೆ ಅಂತ ಗುರುಪಾದ ಬಂದವರಿಗೆಲ್ಲ ಹೇಳಿದ. ಒಂದು ಬೆಳಿಗ್ಗೆಯಂತೂ ಅಜ್ಜ ಸುಮ್ಮನೆ ಕೂತವರು ತಾವಾಗಿಯೇ, “ತಗದಿಟ್ಟೆ ನೋಡು, ಹಗುರಾತು” ಅಂದಿದ್ದರು. ಎಂಥ ವೈರಾಗ್ಯ! ಗುರುಪಾದ ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ.

‘ಮೆತ್ತಗ’ ಅನ್ನುವುದನ್ನು ಅವನು ಮಠದ ಬಾಗಿಲ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದ. ಮನಸ್ಸು ಮೆತ್ತಗಿರಬೇಕು, ಮಾತು ಮೆತ್ತಗಿರಬೇಕು, ಇದೇ ಅಜ್ಜಾರ ಈ ವರ್ಷದ ಉಪದೇಶ ಅಂತ ಬಿಡಿಸಿ ಹೇಳಿದ. ಜನ ತಲೆದೂಗಿದರು. ಸವದತ್ತಿ ಬಸ್ಸಿನ ಕಂಡಕ್ಟರ್ ಒಬ್ಬ ಅದನ್ನು ಕೇಳಿದ ಮೇಲೆ ಪ್ರಯಾಣಿಕರ ಮೇಲೆ ಒದರುವುದನ್ನೇ ಬಿಟ್ಟನಂತೆ.

ಸಂಜೆಯ ಬೆಂಡೆಕಾಯಿ ಮಾತ್ರ ಇನ್ನೂ ಗರಿಗರಿಯಾಯಿತು.

ಪ್ರತಿ ಸೋಮವಾರ ಆರೋಗ್ಯ ಕೇಂದ್ರದಿಂದ ಸಿಸ್ಟರ್ ಶಕೀಲಾ ಬಂದು ಅಜ್ಜನ ಬಿ.ಪಿ. ನೋಡಿ, ತಿಂಗಳಿಗೊಮ್ಮೆ ತೂಕವನ್ನೂ ಮಾಡಿ ಹೋಗುತ್ತಿದ್ದಳು. ಒಂದು ಸೋಮವಾರ ಅವಳು ತೂಕದ ಯಂತ್ರವನ್ನು ಬಗ್ಗಿ ನೋಡಿದಳು. ಅಜ್ಜನನ್ನು ಇಳಿಸಿ ಮತ್ತೊಮ್ಮೆ ಹತ್ತಿಸಿದಳು. ಒಂದೇ ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿತ್ತು.

ಗುರುಪಾದನನ್ನು ಪಕ್ಕಕ್ಕೆ ಕರೆದು ಊಟದ ವಿಚಾರ ಕೇಳಿದಳು. ದಿನಾ ತಾಟು ಖಾಲಿ ಆಗುತ್ತದೆ ಅಂತ ಇವನು ಆಣೆ ಮಾಡಿ ಹೇಳಿದ. ಅವಳು ಮೆಟ್ಟಿಲ ಮೇಲೆ ಮಲಗಿದ್ದ ಕರಿಯನನ್ನು ನೋಡಿ, ಈ ನಾಯಿ ಮಾತ್ರ ಗುಂಡುಕಲ್ಲಿನಂತಾಗಿದೆ ಅಂದಳು. ಮಠದ ಗಾಳಿ ಅದಕ್ಕೆ ಒಗ್ಗಿದೆ ಅಂತ ಗುರುಪಾದ ಉತ್ತರ ಕೊಟ್ಟ. ಏನು ಹೇಳೋಣ ಈ ಮನುಷ್ಯನಿಗೆ.

ಹೋಗುವ ಮುಂಚೆ ಸಿಸ್ಟರ್ ಖಡಾಖಂಡಿತ ಹೇಳಿದಳು. “ಮುಂದಿನ ಸೋಮವಾರ ಇನ್ನೂ ಇಳೀತಂದ್ರ ಹುಬ್ಬಳ್ಳಿ ದವಾಖಾನಿಗೆ ಒಯ್ಯಾಕಬೇಕು. ನಾ ಯಾರ ಮಾತೂ ಕೇಳಾಂಗಿಲ್ಲ.”

ಅಜ್ಜ ಹೊಳೆಯ ಕಡೆ ಮುಖ ತಿರುಗಿಸಿದರು. ಈ ದಂಡೆ ಬಿಟ್ಟು ಬೇರೆ ಕಡೆ ಜೀವ ಬಿಡಬಾರದು ಅನ್ನುವುದು ಅವರಿಗಿದ್ದ ಒಂದೇ ಆಸೆ. ಅದು ಗುರುಪಾದನಿಗೆ ಗೊತ್ತಿತ್ತು. ಈ ಪ್ರಾಯದಲ್ಲಿ ಹುಬ್ಬಳ್ಳಿ ದವಾಖಾನೆಗೆ ಹೋದವರು ತಿರುಗಿ ಬರುವುದಿಲ್ಲ ಅಂತ ಅವನು ಎಷ್ಟೋ ಸಲ ಕೇಳಿದ್ದ. ಅಪ್ಪ, ಅವ್ವ, ಬಂಧು, ಬಳಗ ಅಂತ ಅವನಿಗಿದ್ದದ್ದು ಅಜ್ಜ ಒಬ್ಬರೇ.

ಮಂಗಳವಾರ ಅವನು ತನ್ನ ಬುದ್ಧಿಯೆಲ್ಲ ಖರ್ಚು ಮಾಡಿ ಬೆಂಡೆಕಾಯಿ ಮಾಡಿದ. ಇಷ್ಟು ಗರಿಗರಿ ಹಿಂದೆಂದೂ ಆಗಿರಲಿಲ್ಲ. ತಾಟು ಖಾಲಿಯಾಯಿತು. ಬುಧವಾರ ಬೆಳಿಗ್ಗೆ ಅಜ್ಜ ಮೆಟ್ಟಿಲು ಹತ್ತುವಾಗ ಎರಡು ಸಲ ಕೂತರು.

ಬುಧವಾರ ಸಂಜೆ ಬದನೆಕಾಯಿ ಹೆಚ್ಚುತ್ತ ಗುರುಪಾದ ಅಳುತ್ತಿದ್ದ. ಒರೆಸುವುದು ಮರೆಯಿತು. ದಪ್ಪ ದಪ್ಪ ಹೆಚ್ಚಿದ. ಕೈಗೆ ಸಿಕ್ಕಿದ್ದನ್ನೆಲ್ಲ ಬುಟ್ಟಿಗೆ ತುರುಕಿ ಗುಂಡಿ ಒತ್ತಿ ಗೋಡೆಗೆ ಒರಗಿ ನಿಂತ. ನಡುವೆ ಅಲುಗಾಡಿಸಲೂ ಇಲ್ಲ. ತೆಗೆದಾಗ ಬದನೆಕಾಯಿ ಬೆಣ್ಣೆಯ ಹಾಗೆ ಕರಗಿ ಬಿದ್ದಿತ್ತು.

ಬೇರೆ ಮಾಡಲು ಹೊತ್ತಿರಲಿಲ್ಲ. ಅಜ್ಜ ಕಾಯುತ್ತಿದ್ದರು. ಅದನ್ನೇ ತಾಟಿಗೆ ಹಾಕಿ, ಮೇಲೆ ಒಂದಿಷ್ಟು ಗುರೆಳ್ಳು ಪುಡಿ ಉದುರಿಸಿ ಒಯ್ದ. ಕ್ಷಮೆ ಕೇಳಬೇಕು ಅಂತ ಅಲ್ಲೇ ನಿಂತ. ಹೀಗಾಗಿ ಒಂಬತ್ತು ವರ್ಷದಲ್ಲಿ ಮೊದಲ ಸಲ ಅಜ್ಜ ಉಣ್ಣುವುದನ್ನು ಅವನು ನೋಡಿದ.

ಅಜ್ಜ ಎರಡು ಬೆರಳಿನಿಂದ ಬದನೆಕಾಯಿ ಬಳಿದು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಮತ್ತೊಂದು ತುತ್ತು, ಮತ್ತೊಂದು. ಕರಿಯ ಎದ್ದು ಬಂದು ತಾಟಿನ ಪಕ್ಕ ಬಾಲ ಆಡಿಸಿತು. ಅಜ್ಜ ಮೊಣಕೈಯಿಂದ ಅದನ್ನು ದೂರ ತಳ್ಳಿದರು. ಅರ್ಧ ತಾಟು ಮುಗಿದ ಮೇಲೆ ಉಸಿರು ಬಿಟ್ಟು, “ಹಾ, ಇದು ನೋಡು” ಅಂದರು.

ಗುರುಪಾದನಿಗೆ ರೋಮಾಂಚನವಾಯಿತು. ಸೋತವನ ಅಡುಗೆಯನ್ನೂ ಗುರು ಹೀಗೆ ಕೊಂಡಾಡುತ್ತಾರಲ್ಲ! ಕಣ್ಣೊರೆಸಿಕೊಂಡು ಜೇಬಿಗೆ ಕೈ ಹಾಕಿದ.

“ಪುಸ್ತಕ ಕೆಳಗಿಡು,” ಅಂದರು ಅಜ್ಜ. “ನನ್ನ ಮಾರಿ ನೋಡು.”

ಅಜ್ಜನ ಮುಖವನ್ನು ಇವನು ಯಾವತ್ತು ನೆಟ್ಟಗೆ ನೋಡಿದ್ದ? ತಲೆ ಎತ್ತಿದ. ಅಜ್ಜ ಮೀಸೆಯನ್ನು ಎರಡೂ ಕಡೆ ಸರಿಸಿ ಬಾಯಿ ಅಗಲ ತೆರೆದರು. ಒಂದೂ ಹಲ್ಲಿರಲಿಲ್ಲ. ಹಸುಗೂಸಿನ ಒಸಡಿನ ಹಾಗೆ ಮೇಲೂ ಕೆಳಗೂ ಬರೀ ಗುಲಾಬಿ ಬಣ್ಣ.

“ಹಲ್ಲಿನ ಸೆಟ್ಟು ಎಲ್ಲಿ ಹೋತ್ರಿ ಅಜ್ಜಾರ?”

“ಗ್ವಾಡಿ ಗೂಡಿನ್ಯಾಗ ಐತಿ. ನಾ ಸೊರಗಿದ್ದಕ್ಕ ಸಡಲಾಗಿ ಒಸಡಿಗೆ ಚುಚ್ಚಾಕ ಹತ್ತಿತ್ತು. ತಗದಿಟ್ಟೆ. ಹಗುರಾತು ಅಂತ ನಿನಗ ಹೇಳೀನಲ್ಲ.”

ಕೆಂಪು ಗೆರೆ ಎಳೆದ ಪುಟ ಗುರುಪಾದನ ಕಣ್ಣ ಮುಂದೆ ಬಂತು. ಅವನು ಅಜ್ಜನ ಕಾಲ ಬಳಿ ಕೂತ.

“ಹಲ್ಲಿಲ್ಲಂತ ಬಿಡಿಸಿ ಯಾಕ ಹೇಳಲಿಲ್ರಿ?”

“ಮೆತ್ತಗ ಮಾಡು ಅಂತ ದಿನಾ ಹೇಳಿದೆ. ನೀ ದಿನಾ ಬರಕೊಂಡಿ.”

ಗುರುಪಾದ ಮುಖ ಮುಚ್ಚಿಕೊಂಡು ಬಿಕ್ಕಿದ. ನಾನು ನಿಮ್ಮನ್ನು ಉಪವಾಸ ಕೆಡವಿದೆ, ನನ್ನ ಕೈಯಾರೆ ದವಾಖಾನೆಗೆ ಅಟ್ಟುತ್ತಿದ್ದೆ ಅಂತ ಏನೇನೋ ಹಲುಬಿದ. ಅಜ್ಜ ಎಂಜಲಾಗದ ಕೈಯನ್ನು ಅವನ ತಲೆಯ ಮೇಲಿಟ್ಟರು. ತಮ್ಮದೂ ತಪ್ಪಿದೆ ಅಂದರು. ಬಾಯಿ ಬೋಳಾದದ್ದು ಹೇಳಿಕೊಳ್ಳಲು ತಮಗೂ ಒಂದಿಷ್ಟು ನಾಚಿಕೆ ಇತ್ತಂತೆ.

“ಮತ್ತ ಅಷ್ಟು ಅಕ್ಕರತಿಲೆ ತಂದಿಡ್ತಿದ್ದಿ. ನಿನ್ನ ಖುಷಿ ಮುರೀಲಾರದ ಕರಿಯಾಗ ಹಾಕಿದೆ. ಅವನ ಹಲ್ಲು ಗಟ್ಟಿ ಅದಾವು.”

ಗುರುಪಾದ ಅಳುತ್ತಲೇ ನಕ್ಕುಬಿಟ್ಟ. ಅಜ್ಜನ ಮೇಲೆ ಅವನಿಗೆ ಹಿಂದೆ ಭಕ್ತಿ ಇತ್ತು. ಅವತ್ತು ಆ ಬೋಳು ಬಾಯಿ ಕಂಡು ಹುಟ್ಟಿದ್ದು ಬರೀ ಪ್ರೀತಿ.

ಮರುದಿನದಿಂದ ಅವನು ಕಲಿತದ್ದನ್ನೆಲ್ಲ ತಿರುಗಿಸಿದ. ಕಾಯಿ ದಪ್ಪ ಹೆಚ್ಚಿದ, ನೀರು ಚಿಮುಕಿಸಿದ, ಬುಟ್ಟಿ ತುಂಬ ತುಂಬಿದ, ಕಾವು ಇಳಿಸಿದ. ಕುಂಬಳಕಾಯಿ, ಹೀರೇಕಾಯಿ, ಗೆಣಸು. ರೊಟ್ಟಿಯ ಬದಲು ಮೆತ್ತನೆಯ ನುಚ್ಚು. ಪ್ರತಿ ಸಂಜೆ ಅಜ್ಜನ ಎದುರಿಗೇ ಕೂತು ಕೊನೆಯ ತುತ್ತಿನ ತನಕ ನೋಡಿದ. ಕರಿಯ ಎರಡು ದಿನ ಮುನಿಸಿಕೊಂಡಿತು, ಆಮೇಲೆ ಗುರುಪಾದ ಅದಕ್ಕಂತಲೇ ಒಂದು ಹಿಡಿ ಗರಿಗರಿ ಮಾಡಿ ಹಾಕತೊಡಗಿದ.

ಸೋಮವಾರ ಸಿಸ್ಟರ್ ಶಕೀಲಾ ಯಂತ್ರ ತಂದಳು. ಅಜ್ಜ ಹತ್ತಿ ನಿಂತರು. ಗುರುಪಾದ ಕಣ್ಣು ಮುಚ್ಚಿಕೊಂಡ. ಮುಕ್ಕಾಲು ಕಿಲೋ ಏರಿತ್ತು. ಅವಳು ಎರಡು ಸಲ ನೋಡಿ, ಏನು ಮಂತ್ರ ಹಾಕಿದಿರಿ ಅಂತ ಕೇಳಿದಳು. ಗುರುಪಾದ ಹಲ್ಲಿನ ಕಥೆಯನ್ನು ಮುಚ್ಚುಮರೆ ಇಲ್ಲದೆ ಹೇಳಿದ. ಅವಳು ನಗುತ್ತ ನಗುತ್ತ, ಬಾಯಿ ನೋಡದೇ ಹೋದ ತನ್ನ ತಲೆಗೂ ಒಂದು ಪೆಟ್ಟು ಕೊಟ್ಟುಕೊಂಡಳು. ಹೊಸ ಸೆಟ್ಟಿನ ಅಳತೆಗೆ ಹಲ್ಲಿನ ಡಾಕ್ಟರನ್ನು ಇಲ್ಲಿಗೇ ಕರೆತರುತ್ತೇನೆ, ಹುಬ್ಬಳ್ಳಿಯ ಮಾತು ಸದ್ಯಕ್ಕಿಲ್ಲ ಅಂತ ಹೇಳಿ ಹೋದಳು.

ಆ ಸಂಜೆ ಅಜ್ಜ ಕುಂಬಳಕಾಯಿ ಉಣ್ಣುತ್ತಿದ್ದರು. ಗುರುಪಾದ ಎದುರಿಗೆ ಕೂತಿದ್ದ. ಒಂದು ವಿಚಾರ ಅವನನ್ನು ಐದು ದಿನದಿಂದ ಕೊರೆಯುತ್ತಿತ್ತು. ಬಾಗಿಲ ಮೇಲಿನ ‘ಮೆತ್ತಗ’ ಅನ್ನುವುದನ್ನು ಅಳಿಸಲು ಹೋದಾಗ ಆ ಸವದತ್ತಿ ಬಸ್ಸಿನ ಕಂಡಕ್ಟರ್ ಬಂದು ಕೈ ಹಿಡಿದು ಬೇಡ ಅಂದಿದ್ದ.

“ಅಜ್ಜಾರ, ಒಂಬತ್ತು ವರ್ಷ ಬರದೀನಿ. ಏಳು ಪುಸ್ತಕ ಆಗ್ಯಾವು. ಅದರಾಗ ನೀವು ಹೇಳಿದ್ದು ಯಾವುದು, ನಾ ಹುಟ್ಟಿಸಿದ್ದು ಯಾವುದು, ನನಗ ತಿಳೀವಲ್ದು. ಅದನ್ನೆಲ್ಲಾ ಹೊಳಿಗೆ ಬಿಡ್ಲೋ, ಇಟಗೊಳ್ಲೋ? ಇವತ್ತರ ಒಂದು ಮಾತು ಸ್ಪಷ್ಟ ಹೇಳ್ರಿ. ನಾ ಏನು ಮಾಡ್ಲಿ?”

ಅಜ್ಜ ಬಾಯಲ್ಲಿದ್ದುದನ್ನು ನಿಧಾನಕ್ಕೆ ನುಂಗಿದರು. ಬೆರಳಿನಿಂದ ತಾಟನ್ನು ಸುತ್ತಲೂ ಬಳಿದು ನೆಕ್ಕಿದರು. ಆಮೇಲೆ ಖಾಲಿ ತಾಟನ್ನು ಶಿಷ್ಯನ ಕಡೆ ಸರಿಸಿದರು.

“ಇನ್ನೊಂದೀಟು ಹಾಕು.”