ಬೇಲಿಯಂಚಿನ ಹುಲ್ಲು

ಹೊಳೆದಂಡೆಯ ಆಶ್ರಮದಲ್ಲಿ ಹಸುಗಳನ್ನು ನೋಡಿಕೊಳ್ಳುತ್ತಿದ್ದವನು ಭರಮಪ್ಪ. ಬಡಗಣ ಸೀಮೆಯಿಂದ ಬಂದು ಎರಡು ವರ್ಷವಾಗಿತ್ತು. ಅವನು ಬಾಯಿ ತೆರೆದರೆ ಸಾಕು, ಉಳಿದ ಶಿಷ್ಯರು ಅವನ ಮಾತಿನ ಧಾಟಿಯನ್ನು ಅಣಕಿಸಿ ನಗುತ್ತಿದ್ದರು. ವೈರಾಗ್ಯ ಕಲಿಯಲು ಬಂದವರಿಗೂ ಈ ಚಪಲ ಬಿಡುವುದಿಲ್ಲ.

ಒಂದು ಬೆಳಿಗ್ಗೆ ಹಿರಿಯ ಶಿಷ್ಯ ಅವನಿಗೆ ಹೇಳಿದ.

"ಹುಲ್ಲುಗಾವಲಿನಲ್ಲಿ ಹೊರಗಿನಿಂದ ಬಂದದ್ದನ್ನೆಲ್ಲ ಕಿತ್ತು ಹಾಕು. ನಮ್ಮ ನೆಲದ್ದು ಮಾತ್ರ ಇರಲಿ."

ಬೇಲಿಯಂಚಿನಲ್ಲಿ ಎದೆಯೆತ್ತರ ಬೆಳೆದಿದ್ದ ಹುಲ್ಲೊಂದು ಭರಮಪ್ಪನಿಗೆ ಗುರುತು ಸಿಗಲಿಲ್ಲ. ಒಂದು ಬುಡ ಕಿತ್ತ. ಕಿತ್ತವನಿಗೆ ಮನಸ್ಸು ಮುರಿಯಿತು. ಜೋಳಿಗೆ ಹೆಗಲಿಗೇರಿಸಿ, ಹುಲ್ಲನ್ನು ಹಿಡಿದುಕೊಂಡೇ ಕೊಟ್ಟಿಗೆಯ ಮುಂದೆ ಕೂತಿದ್ದ ಗುರುಗಳ ಬಳಿ ಬಂದ.

"ಎಲ್ಲಿಗಪ್ಪ ಹೊರಟೆ?"

"ಊರಿಗೆ ಹೊಂಟೀನ್ರಿ ಅಪ್ಪಾರ. ಹೊರಗಿಂದೆಲ್ಲ ಕಿತ್ತು ಹಾಕು ಅಂದಾರ್ರಿ ಹಿರಿಯಣ್ಣಾರು. ಹೊರಗಿನವರನ್ನ ಕೀಳೂದಾದ್ರ ಮೊದಲ ನನ್ನ ಕೀಳಬೇಕಲ್ರಿ."

"ಕೈಯಲ್ಲಿರೋದು ಯಾವ ಹುಲ್ಲು?"

"ಎಲಿ ನೋಡಿದ್ರ ತಿಳೀವಲ್ದ್ರಿ."

"ಎಲೆ ಬಿಡು. ತೆನೆ ನೋಡು."

ಗುರುಗಳು ತೆನೆಯನ್ನು ಬಿಡಿಸಿ ತೋರಿಸಿದರು. ಕೆಳಗಿನ ಕವಲುಗಳೆಲ್ಲ ಒಂದೇ ಗೆಣ್ಣಿನಿಂದ ಸುತ್ತಲೂ ಹೊರಟಿದ್ದವು. ಒಂದು ಕಾಳನ್ನು ಉಗುರಿನಿಂದ ಸುಲಿದರು. ಅದರ ಮೈಮೇಲೆ ಸಣ್ಣ ಅಡ್ಡಗೆರೆಗಳಿದ್ದವು.

"ಗಿನಿ ಹುಲ್ಲು. ಕಡಲಾಚೆಯಿಂದ ಬಂದದ್ದು."

"ಹಂಗಾದ್ರ ಕಿತ್ತದ್ದು ಛಲೋ ಆತು ಬಿಡ್ರಿ," ಎಂದ ಭರಮಪ್ಪ. ಅವನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಕೊಟ್ಟಿಗೆಯಿಂದ ಕೆಂದಿ ಹಸು ಕತ್ತು ಚಾಚಿ, ಅವನ ಕೈಯಲ್ಲಿದ್ದ ಹುಲ್ಲನ್ನು ಎಳೆದೆಳೆದು ತಿಂದಿತು. ಬುಡವಷ್ಟೇ ಉಳಿಯಿತು.

ಗುರುಗಳು ಎದ್ದು ಹೋಗಿ ಒಂದು ಲೋಟ ಹಾಲು ತಂದರು.

"ಕೆಂದಿಯದು. ಈ ಮಳೆಗಾಲವೆಲ್ಲ ಬೇಲಿಯಂಚನ್ನೇ ಮೇದಿದ್ದಾಳೆ. ಕುಡಿ."

ಭರಮಪ್ಪ ಕುಡಿದ.

"ಇದರಲ್ಲಿ ಹೊರಗಿನದು ಎಷ್ಟು, ನಮ್ಮದು ಎಷ್ಟು?"

"ಹಂಗೇನ್ ತಿಳೀವಲ್ದ್ರಿ. ಹಾಲು ಐತ್ರಿ, ಅಷ್ಟ."

"ಕಿತ್ತು ಹಾಕು ಅಂದ ನಿನ್ನ ಹಿರಿಯಣ್ಣ ದಿನಾ ಎರಡು ಲೋಟ ಕುಡೀತಾನೆ. ಅವನಿಗೂ ಗೊತ್ತಾಗಿಲ್ಲ."

ಭರಮಪ್ಪನಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು. ಕೈಯಲ್ಲಿದ್ದ ಬುಡವನ್ನು ತಿರುಗಿಸಿ ನೋಡಿದ.

"ಇದು ಮತ್ತ ಚಿಗೀತೈತೇನ್ರಿ?"

ಗುರುಗಳು ಅವನ ಹೆಗಲಿನಿಂದ ಜೋಳಿಗೆ ಇಳಿಸಿ ಗೂಟಕ್ಕೆ ತೂಗುಹಾಕಿದರು.

"ಒಣಗೋದರೊಳಗೆ ನೆಟ್ಟು ಬಾ. ಸಂಜೆ ಕೆಂದಿ ನಿನ್ನ ಕೈಗಲ್ಲದೆ ಇನ್ಯಾರ ಕೈಗೂ ಹಾಲು ಕೊಡೋದಿಲ್ಲ."