ಎದುರಂಗಡಿಯ ಕ್ಯಾಸೆಟ್ಟು

“ಬುದ್ಧಿ, ಹೊಟ್ಟೆಕಿಚ್ಚು ಹೋಗುವುದಕ್ಕೆ ದಾರಿ ಯಾವುದು?” ಎಂದು ಪಂಚಾಕ್ಷರಿ ಕೇಳಿದ.

ಯಾರ ಮೇಲೆ ಎಂದು ಗುರುಗಳು ಕೇಳಲಿಲ್ಲ. ಅವನೇ ಹೇಳಿದ. ಶಾಂತಮಲ್ಲ ಮಠಕ್ಕೆ ಬಂದದ್ದು ತನಗಿಂತ ನಾಲ್ಕು ವರ್ಷ ತಡವಾಗಿ. ಅವನಿಗೆ ಓದು ಹೇಳಿಕೊಟ್ಟವನು ತಾನು. ಆದರೆ ಇವತ್ತು ಬೆಳಗ್ಗೆ ಪ್ರವಚನಕ್ಕೆ ಗುರುಗಳು ಕೂರಿಸಿದ್ದು ಅವನನ್ನು. ಮುಂದಿನ ಸಾಲಿನಲ್ಲೇ ಹನ್ನೊಂದು ಮಂದಿ ತಲೆದೂಗಿದರು. “ನನಗೆ ಪ್ರಸಾದ ಗಂಟಲಲ್ಲಿ ಇಳಿಯಲಿಲ್ಲ ಬುದ್ಧಿ. ಹೀಗೇ ಆದರೆ ಮಠ ಬಿಟ್ಟು ಹೋಗುತ್ತೇನೆ.”

“ಹೋಗುವೆಯಂತೆ. ಒಂದು ಕತೆ ಕೇಳಿಕೊಂಡು ಹೋಗು” ಎಂದು ಗುರುಗಳು ಶುರುಮಾಡಿದರು.

ಒಂದು ಪೇಟೆಯ ಒಂದೇ ಬೀದಿಯಲ್ಲಿ ಇಬ್ಬರು ರಿಪೇರಿಯವರಿದ್ದರು. ಅಂಗಡಿಗಳು ಎದುರುಬದುರು. ಹಿರಿಯವನು ಟಿವಿ, ರೇಡಿಯೋ, ವಿಡಿಯೋ ಗೇಮು, ಏನು ಕೆಟ್ಟರೂ ಸರಿಮಾಡುತ್ತಿದ್ದ. ಕಿರಿಯವನು ಅವನ ಬಳಿಯೇ ಕೆಲಸ ಕಲಿತು ಅವನ ಎದುರಿಗೇ ಅಂಗಡಿ ಇಟ್ಟ. ಇಟ್ಟ ದಿನ ತೆಂಗಿನಕಾಯಿ ಒಡೆದುಕೊಟ್ಟವನೂ ಹಿರಿಯವನೇ. ಕಾಯಿ ಒಡೆಯುವ ಕೈ ಬೇರೆ, ಉರಿಯುವ ಹೊಟ್ಟೆ ಬೇರೆ.

ಕಾಲ ಸರಿಯಿತು. ವಿಡಿಯೋ ಗೇಮು ಆಡುತ್ತಿದ್ದ ಮಕ್ಕಳು ದೊಡ್ಡವರಾದರು, ಆಟದ ಕ್ಯಾಸೆಟ್ಟುಗಳು ಅಟ್ಟ ಸೇರಿದವು. ಆಗ ಕಿರಿಯವನು ಒಂದು ಉಪಾಯ ಮಾಡಿದ. ಕ್ಯಾಸೆಟ್ಟು ಬಿಚ್ಚಿ, ಒಳಗಿನ ಬೋರ್ಡು ತೆಗೆದು, ಆ ಜಾಗದಲ್ಲಿ ಕಂಪ್ಯೂಟರಿನ ಡಿಸ್ಕು ಕೂರಿಸಿದ. ವೈರು ಚುಚ್ಚಲು ಒಂದು ಕಿಂಡಿ ಕೊರೆದ. ಹೊರಗೆ ಹಳೆಯ ಚಿತ್ರ ಹಾಗೇ ಇತ್ತು. ಒಳಗೆ ಮನೆಮಂದಿಯ ಫೋಟೋಗಳೆಲ್ಲ ಹಿಡಿಸುವಷ್ಟು ಜಾಗವಾಯಿತು. ಜನ ಅಟ್ಟ ತಡಕಿ ಕ್ಯಾಸೆಟ್ಟು ತರತೊಡಗಿದರು.

ಹಿರಿಯವನಿಗೆ ಕೆಲಸದಲ್ಲಿ ಮನಸ್ಸು ನಿಲ್ಲದಾಯಿತು. ಸೋಲ್ಡರಿಂಗ್ ಐರನ್ ಕೈಯಲ್ಲಿ, ಕಣ್ಣು ಎದುರಂಗಡಿಯಲ್ಲಿ. ಎರಡು ಸಲ ಬೆರಳು ಸುಟ್ಟುಕೊಂಡ. ಬೆರಳಿಗೆ ಮುಲಾಮು ಸಿಕ್ಕಿತು.

ಎದುರಿನವನಿಗೆ ಒಂದು ಪದ್ಧತಿಯಿತ್ತು. ಕ್ಯಾಸೆಟ್ಟು ಬಂದ ಕೂಡಲೇ ಬಿಚ್ಚುತ್ತಿರಲಿಲ್ಲ. ಮೊದಲು ಅದನ್ನು ಹಳೆಯ ವಿಡಿಯೋ ಗೇಮಿನ ಪೆಟ್ಟಿಗೆಗೆ ಹಾಕಿ, ಟಿವಿ ಹಚ್ಚಿ, ಜಾಯ್‌ಸ್ಟಿಕ್ಕನ್ನು ತಂದವರ ಕೈಗೇ ಕೊಡುತ್ತಿದ್ದ. ಅವರು ಆಡುತ್ತಿದ್ದರು, ನಗುತ್ತಿದ್ದರು. ಆಮೇಲೆ ಕೆಲವರದನ್ನು ಬಿಚ್ಚುತ್ತಿದ್ದ. ಕೆಲವರು ಮಾತ್ರ ತಂದದ್ದನ್ನು ತಂದ ಹಾಗೇ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದರು. ‘ಪುಕ್ಕಟೆ ಆಟ ಆಡಿಸಿ ಗಿರಾಕಿ ಹಿಡಿಯುತ್ತಾನೆ’ ಎಂದುಕೊಂಡ ಹಿರಿಯವನು. ಯಾರಾದರೂ ಹಾಗೇ ಹಿಂದಿರುಗಿದರೆ, ‘ಸದ್ಯ, ಇವನ ಕೈಲಿ ಆಗದ್ದೂ ಇದೆ’ ಎಂದು ಅವತ್ತು ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದ. ಹೀಗೆ ಒಂದು ವರ್ಷ ನೋಡಿದ.

ಒಂದು ದಿನ ಎದುರಂಗಡಿಗೆ ಬೀಗ ಬಿದ್ದಿತ್ತು. ಅವನು ನೆಂಟರ ಮದುವೆಗೆ ಹೋಗಿದ್ದ. ಒಬ್ಬ ಹೆಂಗಸು ಕ್ಯಾಸೆಟ್ಟು ಹಿಡಿದು ಬಾಗಿಲ ಮುಂದೆ ನಿಂತಿದ್ದಳು. ಹಿರಿಯವನು ಕೂಗಿ ಕರೆದ.

“ಬಾರಮ್ಮ ಇಲ್ಲಿ. ಅವನಿಗೆ ಸ್ಕ್ರೂ ಬಿಚ್ಚೋದು ಕಲಿಸಿದವನೇ ನಾನು. ಸಾಯಂಕಾಲಕ್ಕೆ ಕೊಡ್ತೀನಿ.”

“ನನ್ನ ತಮ್ಮಂದು ಅಣ್ಣ. ಅವನು ತೀರಿಹೋದ. ಅವನ ಫೋಟೋ ಎಲ್ಲ ಇದರಲ್ಲೇ ಇಟ್ಕೊಳ್ಳೋಣ ಅಂತ” ಎಂದಳು. ಎದುರಂಗಡಿಯವರ ಗುರುವೇ ಸಿಕ್ಕಿದರಲ್ಲ ಎಂದು ನಂಬಿ ಕೊಟ್ಟುಹೋದಳು.

ಹಿರಿಯವನು ಅವತ್ತು ಬೇರೆ ಕೆಲಸ ಮುಟ್ಟಲಿಲ್ಲ. ಎದುರಿನವನು ಹಾಕುವುದಕ್ಕಿಂತ ದೊಡ್ಡ ಡಿಸ್ಕು ಹಾಕಿದ. ಕಿಂಡಿಯ ಅಂಚನ್ನು ನಾಲ್ಕು ಸಲ ಉಜ್ಜಿ ನುಣುಪು ಮಾಡಿದ. ಒಳಗಿನ ಬೋರ್ಡಿನಲ್ಲಿ ಅಂಗಿಯ ಗುಂಡಿಯಷ್ಟಗಲದ ಒಂದು ಬ್ಯಾಟರಿಯಿತ್ತು. ಬೋರ್ಡು ಸಮೇತ ಅದನ್ನು ಕಿತ್ತು ಬುಟ್ಟಿಗೆ ಎಸೆದ. ಮಧ್ಯಾಹ್ನ ಗುಜರಿಯವನು ಬಂದು ಬುಟ್ಟಿ ಬರಿದು ಮಾಡಿಕೊಂಡು ಹೋದ. ಎದುರಿನವನು ಮದುವೆಯಿಂದ ಬಂದು ಇದನ್ನು ನೋಡಬೇಕು ಎಂಬುದೊಂದೇ ಹಿರಿಯವನ ಆಸೆ.

ಸಂಜೆ ಹೆಂಗಸು ಬಂದಳು. ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಚೆನ್ನಾಗಿದೆ ಎಂದಳು. ಆಮೇಲೆ ಕೇಳಿದಳು:

“ತಮ್ಮ ಆಡಿ ನಿಲ್ಲಿಸಿದ್ದ ಆಟ ಇದರಲ್ಲಿ ಇನ್ನೂ ಇತ್ತಾ ಅಣ್ಣ? ಎದುರಿನವರು ಮೊದಲು ಹಾಕಿ ತೋರಿಸ್ತಾರಂತೆ. ಇದ್ದರೆ ಬಿಚ್ಚೋದೇ ಇಲ್ವಂತೆ, ಧೂಳು ಒರೆಸಿ ಹಾಗೇ ವಾಪಸ್ ಕೊಡ್ತಾರಂತೆ.”

ಹಿರಿಯವನು ಬರಿದಾದ ಬುಟ್ಟಿಯ ಕಡೆ ನೋಡಿದ. ಆ ಬ್ಯಾಟರಿಗೆ ಜೀವ ಇರುವವರೆಗೂ ಆಡಿದವನ ಹೆಸರು, ಅವನು ನಿಲ್ಲಿಸಿದ ಜಾಗ, ಎಲ್ಲ ಆ ಬೋರ್ಡಿನಲ್ಲಿ ಉಳಿದಿರುತ್ತದೆ. ಇದೇನು ಅವನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಎದುರಿನವನಿಗೆ ಅದನ್ನು ಹೇಳಿಕೊಟ್ಟವನೂ ಅವನೇ.

ಅಂಗಡಿ ತೆರೆದಿಟ್ಟೇ ಗುಜರಿಯವನ ಬಳಿಗೆ ಓಡಿದ. ಬೋರ್ಡುಗಳೆಲ್ಲ ಮೂಟೆಯಾಗಿ ಲಾರಿ ಹತ್ತಿ ಹೋಗಿದ್ದವು. ಏದುಸಿರು ಬಿಡುತ್ತಾ ಹಿಂದಿರುಗಿದ. ಹೆಂಗಸು ಅಲ್ಲೇ ನಿಂತಿದ್ದಳು. ಇತ್ತು ಎಂದರೆ ಅವಳ ತಮ್ಮನನ್ನು ಇನ್ನೊಮ್ಮೆ ಕೊಂದವನಾಗುತ್ತಾನೆ. ಇರಲಿಲ್ಲ ಎಂದರೆ ಸುಳ್ಳಾಗಬಹುದು.

“ನಾನು ನೋಡಲಿಲ್ಲಮ್ಮ” ಎಂದ.

ಅವಳು ಬಯ್ಯಲಿಲ್ಲ. ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು. ಬೈದಿದ್ದರೆ ಅವನಿಗೆ ಅಂದು ನಿದ್ದೆಯಾದರೂ ಬರುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿಗೆ ಆ ರಿಪೇರಿಯವನ ಮೇಲೆ ಸಿಟ್ಟು ಬಂತು.

“ಎಂಥ ಕುರುಡ ಅವನು, ಬುದ್ಧಿ! ವರ್ಷವಿಡೀ ಎದುರಿಗೇ ಕೂತು ಅಷ್ಟು ನೋಡಿದನಲ್ಲ, ನೋಡಬೇಕಾದ್ದನ್ನೇ ನೋಡಲಿಲ್ಲ.”

ಗುರುಗಳು ಅವನ ಮುಖ ನೋಡಿದರು.

“ಇವತ್ತು ಬೆಳಗ್ಗೆ ಶಾಂತಮಲ್ಲ ಆಡಿದ್ದರಲ್ಲಿ ಒಂದು ಮಾತು ಹೇಳು, ಕೇಳೋಣ.”

ಪಂಚಾಕ್ಷರಿಗೆ ನೆನಪಾದದ್ದು ಮುಂದಿನ ಸಾಲಿನಲ್ಲಿ ತೂಗಿದ ಹನ್ನೊಂದು ತಲೆಗಳು ಮಾತ್ರ.