ಚುಕ್ಕವ್ವನ ಕೂಗು

ಒಂದು ಕಾಡಿನಲ್ಲಿ ಕೂಗುವುದೇ ಕಾಯಿದೆಯಾಗಿತ್ತು. ಹುಲಿ ಗುಹೆಯಿಂದ ಹೊರಬಿತ್ತೆಂದರೆ ಸಾಕು, ಅತ್ತಿಮರದ ತುದಿಯಲ್ಲಿ ಕೂತ ಮುಸುವಜ್ಜಿ ಮೊದಲು ನೋಡಿ "ಖಕ್ಕರ್, ಖಕ್!" ಎಂದು ಕೂಗುತ್ತಿದ್ದಳು. ಮುಸುವ ಅಂದರೆ ಗೊತ್ತಲ್ಲ, ಕಪ್ಪು ಮುಖದ, ಉದ್ದ ಬಾಲದ ಕೋತಿ. ಅವಳ ಕೂಗು ಕೇಳಿ ಕೆಳಗೆ ಮೇಯುತ್ತಿದ್ದ ಜಿಂಕೆಗಳು ನೆಲಕ್ಕೆ ಕಾಲು ಬಡಿದು "ಕೂಂಯ್!" ಎನ್ನುತ್ತಿದ್ದವು. ನವಿಲಯ್ಯನನ್ನಂತೂ ಕೇಳುವುದೇ ಬೇಡ, ಮೂರು ಗುಡ್ಡದಾಚೆಗೂ ಮುಟ್ಟುವಂತೆ ಅರಚುತ್ತಿದ್ದ. ಹುಲಿ ಹತ್ತು ಸಲ ಹಾರಿದರೆ ಒಂದು ಸಲ ಊಟ ಸಿಗುತ್ತಿತ್ತು. ಅದಕ್ಕೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಅವನ ಹಸಿವು ಅವನದು, ನಮ್ಮ ಕಾಲು ನಮ್ಮದು ಎಂದುಕೊಂಡು ಎಲ್ಲರೂ ಬದುಕುತ್ತಿದ್ದರು.

ಆ ಹುಲಿಯ ಹೆಸರು ಪಟ್ಟೆರಾಯ. ಅವನೇ ಕಾಡಿಗೆ ಅರಸ. ವಯಸ್ಸಾಗುತ್ತ ಅವನಿಗೆ ಓಡುವುದೆಂದರೆ ಬೇಸರವಾಯಿತು. ಅವನು ತಿಂದು ಬಿಟ್ಟದ್ದನ್ನೇ ತಿಂದು ಬದುಕುತ್ತಿದ್ದ ಮಂತ್ರಿ ನರಿಗೆ ಚಿಂತೆ ಹತ್ತಿತು. ಅರಸ ಉಪವಾಸ ಬಿದ್ದರೆ ಮಂತ್ರಿಗೆ ಏಕಾದಶಿ ತಪ್ಪುತ್ತದೆಯೇ? ಈ ನರಿಯನ್ನು ಎಲ್ಲರೂ ಬೆಣ್ಣೆಮಾತಯ್ಯ ಎಂದು ಕರೆಯುತ್ತಿದ್ದರು. ಅವನ ಮಾತು ಅಷ್ಟು ನುಣ್ಣಗಿತ್ತು.

"ಪ್ರಭೂ, ತಮ್ಮ ಸವಾರಿ ಹೊರಟಾಗ ಪ್ರಜೆಗಳು ಬಾಯಿ ಬಡ್ಕೋತಾರೆ. ಇದು ಅವಮಾನ ಅಲ್ಲವೇ?" ಎಂದ ಬೆಣ್ಣೆಮಾತಯ್ಯ.

"ಹುಟ್ಟಿದಾಗಿಂದ ಹಾಗೇ ಕೂಗ್ತಾರಲ್ಲಯ್ಯ. ನಾನೇನು ಮಾಡಲಿ?"

"ತಾವು ಮಾಡೋದು ಏನೂ ಇಲ್ಲ. ನಾನು ಹೇಳಿದ್ದಕ್ಕೆ ಹೂಂ ಅಂದ್ರೆ ಸಾಕು."

ಮರುದಿನವೇ ನರಿ ಬಂಡೆಯ ಮೇಲೆ ನಿಂತು ಡಂಗುರ ಸಾರಿದ. "ಇನ್ನು ಮುಂದೆ ಅರಸರು ಬಂದಾಗ ಯಾರೂ ಕೂಗಬಾರದು. ತಲೆ ತಗ್ಗಿಸಿ ಸದ್ದಿಲ್ಲದೆ ನಿಲ್ಲಬೇಕು. ಇದಕ್ಕೆ ಮರ್ಯಾದೆ ಅಂತಾರೆ. ಕೂಗೋರು ಸಂಸ್ಕಾರ ಇಲ್ಲದ ಕಾಡುಮಂದಿ!"

"ನಾವು ಕಾಡುಮಂದಿಯೇ ಅಲ್ವಾ?" ಎಂದು ಒಂದು ಮೊಲ ಕೇಳಿತು. ಒಳ್ಳೆಯ ಪ್ರಶ್ನೆಯೇ. ಆದರೆ ಮೊಲದ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ?

ನಗಬೇಡಿ ಮಕ್ಕಳೇ, ಕಾಡು ಒಪ್ಪಿಕೊಂಡಿತು! ನವಿಲಯ್ಯನಂತೂ ಗರಿ ಮಡಿಸಿ, ಕತ್ತು ಬಗ್ಗಿಸಿ ನಿಲ್ಲುವುದನ್ನು ವಾರವಿಡೀ ಅಭ್ಯಾಸ ಮಾಡಿದ. ಮುಸುವಜ್ಜಿಗೆ ಅರಸ ಅತ್ತಿಮರವನ್ನೇ ಇನಾಮು ಕೊಟ್ಟ. ಆ ಮರ ಮೊದಲಿಂದಲೂ ಅವಳದೇ. ಅವಳ ಮುತ್ತಜ್ಜಿಯೂ ಅದರಲ್ಲೇ ಹುಟ್ಟಿದ್ದು. ಆದರೂ ಅರಸನ ಕೈಯಿಂದ ತನ್ನದನ್ನೇ ಪಡೆದ ಮುಸುವಜ್ಜಿ ಹಿಗ್ಗಿ ಹೀರೆಕಾಯಿಯಾದಳು. ಬಾಯಿಯನ್ನೂ ಮುಚ್ಚಿಕೊಂಡಳು.

ಆಮೇಲೇನು? ಪಟ್ಟೆರಾಯ ಓಡುವುದನ್ನೇ ಬಿಟ್ಟ. ಮೆಲ್ಲಗೆ ನಡೆದು ಬರುತ್ತಿದ್ದ. ತಲೆ ತಗ್ಗಿಸಿ ನಿಂತವರಲ್ಲಿ ತನಗೆ ಇಷ್ಟವಾದವರನ್ನು ಹಿಡಿದುಕೊಂಡು ಹೋಗುತ್ತಿದ್ದ. ವಾರಕ್ಕೊಂದು ಇದ್ದದ್ದು ದಿನಕ್ಕೊಂದಾಯಿತು, ದಿನಕ್ಕೊಂದಿದ್ದದ್ದು ಎರಡಾಯಿತು. ಹುಲಿಗೂ ನರಿಗೂ ಹೊಟ್ಟೆ ಬಂತು. "ನಮ್ಮವರೆಲ್ಲ ಎಲ್ಲಿ ಹೋಗ್ತಿದ್ದಾರೆ?" ಎಂದು ಯಾರಾದರೂ ಕೇಳಿದರೆ, "ಪಕ್ಕದ ಕಾಡಿಗೆ, ನೆಂಟರ ಮನೆಗೆ" ಎನ್ನುತ್ತಿದ್ದ ಬೆಣ್ಣೆಮಾತಯ್ಯ. "ನಿಮಗೆ ಒಪ್ಪಿಗೆ ಇಲ್ಲದಿದ್ರೆ ಕೂಗ್ತಿದ್ರಿ. ಕೂಗ್ಲಿಲ್ಲ. ಮೌನಂ ಸಮ್ಮತಿ ಲಕ್ಷಣಂ!" ಎಂದೂ ಸೇರಿಸುತ್ತಿದ್ದ. ಕೂಗಬಾರದೆಂದವನೂ ಅವನೇ, ಕೂಗಲಿಲ್ಲವಲ್ಲ ಎಂದವನೂ ಅವನೇ. ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಆ ಕಾಡಿನಲ್ಲಿ ಚುಕ್ಕವ್ವ ಎಂಬ ಜಿಂಕೆ ಇದ್ದಳು. ಅವಳ ಅಕ್ಕತಂಗಿಯರೆಲ್ಲ 'ನೆಂಟರ ಮನೆಗೆ' ಹೋಗಿಯಾಗಿತ್ತು. ಅವಳಿಗೆ ಆಗಷ್ಟೇ ಒಂದು ಮರಿ ಹುಟ್ಟಿತ್ತು. ಐದು ದಿನದ ಮರಿ. ನಾಲ್ಕು ಹೆಜ್ಜೆ ಇಟ್ಟರೆ ಐದನೆಯದಕ್ಕೆ ಮುಗ್ಗರಿಸುತ್ತಿತ್ತು. ಅದನ್ನು ಎತ್ತರದ ಹುಲ್ಲಿನಲ್ಲಿ ಮಲಗಿಸಿ ಚುಕ್ಕವ್ವ ಅತ್ತಿಮರದ ಕೆಳಗೆ ಬಂದಳು.

"ಅಜ್ಜೀ, ನೀನು ಮೇಲಿದ್ದೀಯ. ನಿನಗೆ ಎಲ್ಲ ಕಾಣುತ್ತೆ. ಆ ಹುಲ್ಲಿನ ಕಡೆ ಅರಸ ಬಂದ್ರೆ ಒಂದೇ ಒಂದು ಕೂಗು ಹಾಕು. ನನ್ನ ಮಗೂಗೆ ಇನ್ನೂ ಓಡೋಕೆ ಬರಲ್ಲ."

ಮುಸುವಜ್ಜಿ ಆ ಕಡೆ ಈ ಕಡೆ ನೋಡಿದಳು. "ರಾಜಾಜ್ಞೆ ಕಣವ್ವ. ಕೂಗಿದ್ರೆ ನನ್ನ ಮರ ಕಿತ್ಕೊಳ್ತಾರೆ."

"ಅಷ್ಟು ದೊಡ್ಡ ಹೊಟ್ಟೆ ಹೊತ್ಕೊಂಡು ಅವನು ಈ ಮರ ಹತ್ತುತ್ತಾನಾ ಅಜ್ಜೀ?"

ಮುಸುವಜ್ಜಿ ಅದನ್ನು ಯೋಚಿಸಿಯೇ ಇರಲಿಲ್ಲ. ಕೈಯಲ್ಲಿದ್ದ ಅತ್ತಿಹಣ್ಣು ಕೈಯಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಪಟ್ಟೆರಾಯ ಆಕಳಿಸುತ್ತ ಹುಲ್ಲಿನ ಕಡೆಗೇ ಬಂದ. ಮುಂದೆ ಬೆಣ್ಣೆಮಾತಯ್ಯ, "ಬಹುಪರಾಕ್! ತಲೆ ತಗ್ಗಿಸಿ!" ಎನ್ನುತ್ತಿದ್ದ. ಎಲ್ಲರ ತಲೆಯೂ ಬಗ್ಗಿತು. ನರಿ ಹುಲ್ಲು ಮೂಸಿ ಮೂತಿ ಅರಳಿಸಿದ. "ಇಲ್ಲೇನೋ ಎಳೆಯದು ಇದೆ ಪ್ರಭೂ!"

ಚುಕ್ಕವ್ವ ಇನ್ನು ತಡೆಯಲಿಲ್ಲ. ಅವಳು ತಲೆಯೆತ್ತಿದಳು. ಕಾಲು ಬಡಿದಳು. "ಕೂಂಯ್!"

ಒಂದು ವರ್ಷದಿಂದ ಕೇಳದ ಸದ್ದು. ಅರಸನೇ ಬೆಚ್ಚಿಬಿದ್ದ. "ಯಾರದು? ಹಿಡೀರಿ ಅವಳನ್ನ!" ಎಂದು ನರಿ ಚೀರಿದ. ಹಿಡಿಯುವವರು ಯಾರು? ಚುಕ್ಕವ್ವ ಮರಿಯಿದ್ದ ಜಾಗಕ್ಕೆ ಬೆನ್ನು ತಿರುಗಿಸಿ ಇನ್ನೊಂದು ದಿಕ್ಕಿಗೆ ಓಡುತ್ತ ಮತ್ತೆ ಕೂಗಿದಳು. ಪಟ್ಟೆರಾಯ ಅವಳ ಹಿಂದೆ ಹಾರಿದ.

ಆಗ ಮರದ ಮೇಲಿಂದ "ಖಕ್ಕರ್!" ಎಂದು ಕೇಳಿಸಿತು. ಮುಸುವಜ್ಜಿಗೆ ನಾಚಿಕೆಯಿಂದ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಗಂಟಲು ಗಟ್ಟಿಯಾಗಿತ್ತು. ಅವಳ ಹಿಂದೆಯೇ ನವಿಲಯ್ಯ. ಪಾಪ, ಒಂದು ವರ್ಷದ ಕೂಗನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ. ಅವನು ಬಾಯಿ ತೆರೆದಾಗ ಗಿಡದ ಎಲೆಗಳೆಲ್ಲ ಅದುರಿದವು. ಕಾಡುಕೋಳಿ, ಕಡವೆ, ಅಳಿಲು, ಕೊನೆಗೆ ಪ್ರಶ್ನೆ ಕೇಳಿದ್ದ ಮೊಲವೂ ಕೂಗಿತು. ಇಡೀ ಕಾಡು ಒಂದೇ ಬಾಯಾಯಿತು. ಪಟ್ಟೆರಾಯ ಇಪ್ಪತ್ತು ಹೆಜ್ಜೆ ಓಡಿ, ನಾಲಗೆ ಹೊರಹಾಕಿ ಕೂತುಬಿಟ್ಟ. ಯಾರೂ ಸಿಗಲಿಲ್ಲ.

ಅವನು ಹೊಳೆಯ ಕಡೆ ಹೋದರೆ ಅಲ್ಲೂ ಕೂಗು. ಗುಡ್ಡದ ಕಡೆ ಹೋದರೆ ಅಲ್ಲೂ ಕೂಗು. ಮೂರು ದಿನ ಹೀಗೇ ಆಯಿತು. ಬೆಣ್ಣೆಮಾತಯ್ಯ ಬಂಡೆಯ ಮೇಲೆ ನಿಂತು ಹೊಸ ಆಜ್ಞೆ ಓದಿದ. ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ಹಾಗಾಗಿ ಏನು ಆಜ್ಞೆಯೋ ನನಗೂ ಗೊತ್ತಿಲ್ಲ. ನಾಲ್ಕನೆಯ ದಿನ ಅರಸ ಬಾಲ ಮುದುರಿಕೊಂಡು ಹೊಳೆ ದಾಟಿ ಹೊರಟುಹೋದ.

ಕಾಡಿಗೆ ಹಬ್ಬವೋ ಹಬ್ಬ. ಚುಕ್ಕವ್ವನ ಮರಿ ಎಲ್ಲರ ಎದುರೇ ಕುಣಿಯಿತು. ಆದರೆ ನಿಜ ಹೇಳಬೇಕಲ್ಲ, ಅರಸ ಹೋದ ಮೇಲೆ ಕಾಡಿನಲ್ಲಿ ಒಬ್ಬರಿಗೂ ನಿದ್ದೆ ಇಲ್ಲದಂತಾಯಿತು. ಕೂಗುವ ಹಕ್ಕು ಸಿಕ್ಕಿತ್ತಲ್ಲ, ಎಲೆ ಬಿದ್ದರೆ ನವಿಲಯ್ಯ ಕೂಗಿದ, ನವಿಲಯ್ಯ ಕೂಗಿದ್ದಕ್ಕೆ ಕಾಡುಕೋಳಿ ಕೂಗಿತು. ಮಧ್ಯಾಹ್ನ ಕಣ್ಣು ಮುಚ್ಚುವ ಹಾಗಿಲ್ಲ. ಎಲ್ಲರಿಗೂ ತಲೆನೋವು.

ಗಾಳಿ ಬಂದಾಗ ತೂರಿಕೊಳ್ಳುವುದನ್ನು ಬೆಣ್ಣೆಮಾತಯ್ಯನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವನು ಕಿವಿಗೆ ಕಾಡುಮಲ್ಲಿಗೆ ಸಿಕ್ಕಿಸಿಕೊಂಡು ಮತ್ತೆ ಅದೇ ಬಂಡೆ ಏರಿದ. "ಅಣ್ಣಂದಿರೇ, ಅಕ್ಕಂದಿರೇ! ಆ ದುಷ್ಟ ಅರಸನ ಕೈಕೆಳಗೆ ನಾನೆಷ್ಟು ನೊಂದೆ, ನನಗೇ ಗೊತ್ತು. ಇನ್ನು ನಾನು ನಿಮ್ಮ ಸೇವಕ. ಎಲ್ಲರೂ ಯಾಕೆ ಗಂಟಲು ಹರ್ಕೋಬೇಕು? ಎಲ್ಲರ ಪರವಾಗಿ ನಾನೊಬ್ಬನೇ ಕೂಗ್ತೀನಿ. ನೀವು ಆರಾಮಾಗಿ ಮಲ್ಕೊಳ್ಳಿ."

"ಅದೂ ಸರಿಯೇ" ಎಂದ ನವಿಲಯ್ಯ. ಅವನ ಗಂಟಲು ಕಟ್ಟಿತ್ತು. ಮುಸುವಜ್ಜಿಗೂ ನಿದ್ದೆ ಬೇಕಿತ್ತು. ಚುಕ್ಕವ್ವ ಮಾತ್ರ, "ಕೂಗೋದನ್ನ ಯಾರಿಗಾದ್ರೂ ವಹಿಸೋಕಾಗುತ್ತಾ?" ಎಂದಳು. ಆದರೆ ಆಗಲೇ ಅರ್ಧ ಕಾಡು ಗೊರಕೆ ಹೊಡೆಯುತ್ತಿತ್ತು.

ಬೆಣ್ಣೆಮಾತಯ್ಯ ಸಂಜೆಯೇ ಹೊಳೆ ದಾಟಿದ. "ಪ್ರಭೂ, ನಾಳೆ ಮಧ್ಯಾಹ್ನ ಬನ್ನಿ. ಈಗ ಕೂಗೋನು ನಾನೊಬ್ಬನೇ. ಊಟ ಮಲಗಿಕೊಂಡು ಕಾಯ್ತಿರುತ್ತೆ."

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎನ್ನುವಂತೆ, ಪಟ್ಟೆರಾಯ ಬಂದೇಬಿಟ್ಟ. ಮರಿಗೆ ಹಾಲು ಕುಡಿಸುತ್ತಿದ್ದ ಚುಕ್ಕವ್ವನ ಮೂಗಿಗೆ ಹುಲಿಯ ವಾಸನೆ ಬಡಿಯಿತು. ಅವಳು ಬಂಡೆಯತ್ತ ನೋಡಿದಳು. ಬೆಣ್ಣೆಮಾತಯ್ಯ ಕಾಲ ಮೇಲೆ ಕಾಲು ಹಾಕಿಕೊಂಡು, "ಎಲ್ಲ ಕ್ಷೇಮ, ಮಲಗಿ ಮಲಗಿ" ಎನ್ನುತ್ತಿದ್ದ.

"ಕೂಂಯ್!" ಎಂದಳು ಚುಕ್ಕವ್ವ.

"ಏಯ್, ಅದು ನನ್ನ ಕೆಲಸ!" ಎಂದು ನರಿ ಹಾರಿಬಿದ್ದ. ಅಷ್ಟರಲ್ಲಿ ಎಲ್ಲರೂ ಎದ್ದು ಕೂಗಿ ಚೆಲ್ಲಾಪಿಲ್ಲಿಯಾಗಿದ್ದರು. ಹುಲಿಯ ಪಂಜಕ್ಕೆ ಬರೀ ಗಾಳಿ ಸಿಕ್ಕಿತು. ಹಸಿದು, ಹೊಳೆ ಈಜಿ, ಆಸೆಪಟ್ಟು ಬಂದ ಹುಲಿ ಅದು. ನರಿಯ ಕಡೆ ತಿರುಗಿತು.

"ಊಟ ಕಾಯ್ತಿರುತ್ತೆ ಅಂದೆಯಲ್ಲೋ? ಯಾವ ಊಟವೋ ಅದು?"

ಬೆಣ್ಣೆಮಾತಯ್ಯ ಒಂದೇ ನೆಗೆತಕ್ಕೆ ಕಾರೆಮುಳ್ಳಿನ ಪೊದೆಯೊಳಗೆ ನುಗ್ಗಿದ. ಒಳಗಿಂದ ಏನೂ ಕಾಣುತ್ತಿರಲಿಲ್ಲ. ಹುಲಿ ಎಡಕ್ಕಿದೆಯೋ, ಬಲಕ್ಕಿದೆಯೋ? ಯಾವ ಕಡೆಯಿಂದ ಓಡಬೇಕು? "ಯಾರಾದ್ರೂ ಕೂಗ್ರಪ್ಪಾ! ಎಲ್ಲಿದ್ದಾನೆ ಹೇಳ್ರಪ್ಪಾ!" ಎಂದು ಗೋಗರೆದ.

ಕಾಡು ಸ್ತಬ್ಧವಾಯಿತು. ಒಬ್ಬರೂ ಉಸಿರೆತ್ತಲಿಲ್ಲ. ಮರದ ಮೇಲಿಂದ ಮುಸುವಜ್ಜಿ, "ಮರ್ಯಾದೆ ಕೊಡ್ತಾ ಇದ್ದೀವಿ ಮಂತ್ರಿಗಳೇ" ಎಂದಳು. ನಗು ಬಂತು ಎಲ್ಲರಿಗೂ. ನನಗೂ ಬಂತು. ಆದರೆ ಪೊದೆ ಗಡಗಡ ನಡುಗುತ್ತಿತ್ತು. ಹುಲಿ ಬಲಗಡೆಯಿಂದ ಮೆಲ್ಲಗೆ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಅಕ್ಕತಂಗಿಯರನ್ನು ಕಳೆದುಕೊಂಡ ಚುಕ್ಕವ್ವ ಆ ಹೆಜ್ಜೆಗಳನ್ನೇ ನೋಡುತ್ತ ನಿಂತಿದ್ದಳು.

ಹುಲಿ ಯಾವ ಕಡೆಗಿದೆ ಎಂದು ನರಿಗೆ ತಿಳಿಯುವಂತೆ ಅವಳು ಪೊದೆಯ ಬಲಕ್ಕೆ, ಪಂಜಕ್ಕೆ ಸಿಗದಷ್ಟು ದೂರದಲ್ಲಿ ಬಂದು ನಿಂತು ಕಾಲು ಬಡಿದಳು. "ಕೂಂಯ್!"

ನರಿ ಎಡಕ್ಕೆ ನುಗ್ಗಿ ಓಡಿದ. ಮೈಮೇಲಿನ ಕೂದಲೆಲ್ಲ ಮುಳ್ಳಿಗೆ ಸಿಕ್ಕಿ, ಬೋಳು ಮೈಯಲ್ಲಿ ಗುಡ್ಡ ಹತ್ತಿದವನು ಮತ್ತೆ ಆ ಕಾಡಿಗೆ ಮುಖ ತೋರಿಸಲಿಲ್ಲ. ಹುಲಿಯೂ ಗೊಣಗುತ್ತ ಹೊಳೆಯತ್ತ ನಡೆಯಿತು.

ಮುಸುವಜ್ಜಿಗೆ ಸಿಟ್ಟು ಬಂತು. "ಅಲ್ಲ ಕಣೇ, ಆ ದ್ರೋಹಿಗೂ ಕೂಗಿದೆಯಲ್ಲ! ನಿನಗೇನು ಬುದ್ಧಿಗಿದ್ಧಿ ಇದೆಯಾ?"

ಚುಕ್ಕವ್ವ ಮರಿಯ ನೆತ್ತಿ ನೆಕ್ಕುತ್ತ ಹೇಳಿದಳು: "ಯಾರಿಗೆ ಕೂಗ್ಬೇಕು, ಯಾರಿಗೆ ಕೂಗ್ಬಾರ್ದು ಅಂತ ಇವತ್ತು ಎಣಿಸೋಕೆ ಶುರುಮಾಡಿದ್ರೆ, ನಾಳೆ ಅದನ್ನ ಹೇಳೋಕೆ ಮತ್ತೊಬ್ಬ ಅರಸ ಬೇಕಾಗ್ತಾನೆ ಅಜ್ಜೀ."

ನೀತಿ: ನಮ್ಮ ಮೌನಕ್ಕೆ ಮರ್ಯಾದೆ ಎಂದು ಹೆಸರಿಡುವವನನ್ನು ನಂಬಬಾರದು. ಅನ್ಯಾಯ ಕಂಡಾಗ ಕೂಗುವ ಕೆಲಸವನ್ನು ಒಬ್ಬನಿಗೆ ಒಪ್ಪಿಸಿ ಮಲಗಲೂಬಾರದು. ಎಲ್ಲರೂ ಎಲ್ಲರಿಗಾಗಿ ಕೂಗಬೇಕು.